27 ದಾಟಿದ ಮೇಲೆ ವಿಮಾನ ಸಂಚಾರ ನಿಯಂತ್ರಕರಾಗಬಹುದೇ? ನಂಬಿಕೆ ಎಷ್ಟು, ನಿಜ ಎಷ್ಟು

ಕುಂದಾಪುರ ತಾಲ್ಲೂಕಿನ ಸಿದ್ದಾಪುರದಲ್ಲಿ ಪರಿಚಿತರೊಬ್ಬರು ಇತ್ತೀಚೆಗೆ ತಮ್ಮ ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸಿದರು. ‘ಎಟಿಸಿ ಕೋರ್ಸ್. ವಯಸ್ಸಿನ ಮಿತಿ ಇಲ್ಲ. ವಿಮಾನ ನಿಲ್ದಾಣದಲ್ಲಿ ಕೆಲಸ ಖಾತ್ರಿ’ ಎಂದಿತ್ತು. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದಿರುವ ಅವರಿಗೆ ಈಗ 29. ಶುಲ್ಕ ಕಟ್ಟುವ ಯೋಚನೆಯಲ್ಲಿದ್ದರು. ಮನೆಯವರ ಮಾತು ಬೇರೆ: ‘ಅದು ಚಿಕ್ಕ ಪ್ರಾಯದವರ ಕೆಲಸ, ಮೂವತ್ತು ಹತ್ತಿರ ಬಂದ ಮೇಲೆ ತಲೆ ಅಷ್ಟು ಚುರುಕಾಗಿ ಓಡುವುದಿಲ್ಲ.’

ಎರಡೂ ಮಾತು ಅರ್ಧ ಸತ್ಯ. ‘ಮಿತಿ ಇಲ್ಲ’ ಎಂದು ನಂಬಿದರೆ ಹಣ ಹೋಗುತ್ತದೆ. ‘ತಲೆ ಓಡುವುದಿಲ್ಲ’ ಎಂದು ನಂಬಿದರೆ ಇನ್ನೂ ಉಳಿದಿರುವ ಅವಕಾಶ ಕೈತಪ್ಪಬಹುದು. ಭಾರತದಲ್ಲಿ ಈ ಹುದ್ದೆಗಿರುವ 27 ವರ್ಷದ ಗಡಿ ಎಲ್ಲಿಂದ ಬಂತು, ಯಾರಿಗೆ ಅದು ಸಡಿಲ, ವಯಸ್ಸಿನ ಬಗ್ಗೆ ವಿಜ್ಞಾನ ಏನು ಹೇಳುತ್ತದೆ, ಗಡಿ ದಾಟಿದವರಿಗೆ ಏನು ಉಳಿದಿದೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು, ಈ ಕೆಲಸ ಎಂದರೇನು?

ವಿಮಾನದ ಮುಂದೆ ನಿಂತು ಎರಡು ಕೋಲು ಬೀಸುವವರೇ ಎಟಿಸಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಅವರು ಮಾರ್ಷಲರ್‌ಗಳು. ವಿಮಾನವನ್ನು ನಿಲ್ಲುವ ಜಾಗಕ್ಕೆ ಸರಿಯಾಗಿ ತಂದು ನಿಲ್ಲಿಸುವುದು ಅವರ ಕೆಲಸ. ವಿಮಾನ ಸಂಚಾರ ನಿಯಂತ್ರಕರು ಕೂರುವುದು ಗಾಜಿನ ಗೋಪುರದಲ್ಲಿ ಅಥವಾ ಕಿಟಕಿಯೇ ಇಲ್ಲದ ರಾಡಾರ್ ಕೋಣೆಯಲ್ಲಿ.

ಕೆಲಸದಲ್ಲಿ ಮೂರು ಮುಖ್ಯ ಹಂತಗಳಿವೆ. ರನ್‌ವೇ ಮತ್ತು ಅದರ ಸುತ್ತಮುತ್ತಲಿನ ವಿಮಾನಗಳನ್ನು ಟವರ್ ನೋಡಿಕೊಳ್ಳುತ್ತದೆ. ನಿಲ್ದಾಣಕ್ಕೆ ಇಳಿದು ಬರುವ, ಅಲ್ಲಿಂದ ಏರಿ ಹೋಗುವ ವಿಮಾನಗಳು ಅಪ್ರೋಚ್ ವಿಭಾಗದ ಹೊಣೆ. ಎತ್ತರದಲ್ಲಿ ಊರಿಂದೂರಿಗೆ ಸಾಗುವ ವಿಮಾನಗಳು ಏರಿಯಾ ಕಂಟ್ರೋಲ್‌ನ ಹೊಣೆ. ಭಾರತದ ಆಕಾಶವನ್ನು ಇದಕ್ಕಾಗಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಎಂಬ ನಾಲ್ಕು ಮುಖ್ಯ ವಲಯಗಳಾಗಿ ಹಂಚಲಾಗಿದೆ. ಮಂಗಳೂರು ಚೆನ್ನೈ ವಲಯಕ್ಕೆ ಸೇರಿದೆ.

ವಿಮಾನಗಳು ಒಂದಕ್ಕೊಂದು ಹತ್ತಿರ ಬಾರದಂತೆ ನೋಡಿಕೊಳ್ಳುವುದೇ ಈ ಕೆಲಸದ ತಿರುಳು. ಮೇಲೆ-ಕೆಳಗೆ ಸಾಮಾನ್ಯವಾಗಿ 1,000 ಅಡಿ ಅಂತರ ಇರಬೇಕು. ಅಷ್ಟು ಇಲ್ಲದಿದ್ದರೆ, ರಾಡಾರ್ ನೆರವಿರುವ ಎತ್ತರದ ಮಾರ್ಗಗಳಲ್ಲಿ ಅಕ್ಕಪಕ್ಕ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿಲೋಮೀಟರ್ ದೂರ ಇರಬೇಕು. ಕೇಳಲು ಇದು ಬಹಳ ಜಾಗ ಎನಿಸುತ್ತದೆ. ಆದರೆ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ 9 ಕಿಲೋಮೀಟರ್ ದಾಟಲು ಬೇಕಾಗುವುದು ಸುಮಾರು 40 ಸೆಕೆಂಡ್ ಮಾತ್ರ. ಇಂಥ ಹಲವು ವಿಮಾನಗಳ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು, ಮುಂದಿನ ಐದು ಹತ್ತು ನಿಮಿಷದಲ್ಲಿ ಯಾವುದು ಎಲ್ಲಿರುತ್ತದೆ ಎಂದು ಮೊದಲೇ ಲೆಕ್ಕ ಹಾಕುತ್ತಿರಬೇಕು. ವಯಸ್ಸಿನ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ನೇಮಕ ಮಾಡಿಕೊಳ್ಳುವವರು ಯಾರು?

ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಈ ಸೇವೆ ನಡೆಸುವುದು ಮುಖ್ಯವಾಗಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ, ಅಂದರೆ ಎಎಐ. 1995ರ ಏಪ್ರಿಲ್ 1ರಂದು ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ ಇದು.

ಕರಾವಳಿಯವರಿಗೆ ಇಲ್ಲೊಂದು ಗೊಂದಲ ಸಹಜ. ಮಂಗಳೂರು ವಿಮಾನ ನಿಲ್ದಾಣದ ನಿರ್ವಹಣೆ 2020ರ ಅಕ್ಟೋಬರ್ 31ರಿಂದ ಅದಾನಿ ಸಮೂಹದ ಕೈಯಲ್ಲಿದೆ. ಹಾಗಾದರೆ ಎಟಿಸಿ ಕೆಲಸಕ್ಕೂ ಆ ಕಂಪನಿಗೇ ಅರ್ಜಿ ಹಾಕಬೇಕೇ? ಇಲ್ಲ. ಕಟ್ಟಡ, ಟರ್ಮಿನಲ್, ಅಂಗಡಿಗಳ ನಿರ್ವಹಣೆ ಖಾಸಗಿಯಾದರೂ ವಿಮಾನ ಸಂಚಾರ ನಿಯಂತ್ರಣ ಎಎಐ ಬಳಿಯೇ ಉಳಿದಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲೂ ಹೀಗೆಯೇ. ಘಾಟಿ ಹತ್ತಿದರೆ ಸಿಗುವ ಶಿವಮೊಗ್ಗದ ಸೋಗಾನೆ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದನ್ನು ನಡೆಸುವುದು ರಾಜ್ಯ ಸರ್ಕಾರದ ಸಂಸ್ಥೆ, ಆದರೆ ವಿಮಾನ ಸಂಚಾರ ನಿಯಂತ್ರಣ ಅಲ್ಲಿಯೂ ಎಎಐಯದ್ದೇ.

ಹುದ್ದೆಯ ಹೆಸರು ಜೂನಿಯರ್ ಎಕ್ಸಿಕ್ಯೂಟಿವ್, ಏರ್ ಟ್ರಾಫಿಕ್ ಕಂಟ್ರೋಲ್. ಮೂಲ ವೇತನ ಶ್ರೇಣಿ 40,000 ರೂಪಾಯಿಯಿಂದ 1,40,000 ರೂಪಾಯಿ, ಅದರ ಮೇಲೆ ಭತ್ಯೆಗಳು. ವಿದ್ಯಾರ್ಹತೆ ಎರಡರಲ್ಲಿ ಒಂದು:

- ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರುವ, ಪೂರ್ಣಾವಧಿ ಕಾಲೇಜಿಗೆ ಹೋಗಿ ಓದಿದ ಮೂರು ವರ್ಷಗಳ ಬಿಎಸ್ಸಿ
- ಯಾವುದೇ ವಿಭಾಗದ ಪೂರ್ಣಾವಧಿ ಇಂಜಿನಿಯರಿಂಗ್ ಪದವಿ. ಆದರೆ ಯಾವುದಾದರೂ ಒಂದು ಸೆಮಿಸ್ಟರ್‌ನಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಠ್ಯದಲ್ಲಿರಬೇಕು

ಇಂಜಿನಿಯರುಗಳಿಗೆ ಮಾತ್ರ ಈ ಕೆಲಸ ಎಂಬ ನಂಬಿಕೆ ಆದ್ದರಿಂದ ತಪ್ಪು. ಕುಂದಾಪುರದ ಭಂಡಾರ್ಕಾರ್ಸ್‌ನಂಥ ಕಾಲೇಜಿನಲ್ಲಿ ಭೌತಶಾಸ್ತ್ರ, ಗಣಿತ ತೆಗೆದುಕೊಂಡು ಬಿಎಸ್ಸಿ ಮಾಡಿದವರೂ ಅಷ್ಟೇ ಅರ್ಹರು. ಇನ್ನೊಂದು ಕಡೆ, ಬಿಕಾಂ ಅಥವಾ ಬಿಎ ಮಾಡಿದವರು 22 ವರ್ಷದವರಾದರೂ ಅರ್ಜಿ ಹಾಕುವಂತಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದ್ದೇನೆ ಎಂಬುದು ಸಾಲದು. ಅಂಚೆ ಶಿಕ್ಷಣದ ಪದವಿ ಹೊರಗಿನ ಅಭ್ಯರ್ಥಿಗಳಿಗೆ ನಡೆಯುವುದಿಲ್ಲ.

27ರ ಗಡಿಯ ಲೆಕ್ಕ ಹೇಗೆ?

ಗರಿಷ್ಠ ವಯಸ್ಸು 27 ವರ್ಷ. ಇದನ್ನು ಲೆಕ್ಕ ಹಾಕುವುದು ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಕ್ಕೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿರುವ ಜನ್ಮದಿನಾಂಕವೇ ಆಧಾರ. ಸಡಿಲಿಕೆ ಇರುವುದು ಇವರಿಗೆ:

- ಪರಿಶಿಷ್ಟ ಜಾತಿ ಮತ್ತು ಪಂಗಡ: 5 ವರ್ಷ, ಅಂದರೆ 32ರವರೆಗೆ
- ಕೆನೆಪದರದಲ್ಲಿಲ್ಲದ ಇತರೆ ಹಿಂದುಳಿದ ವರ್ಗ: 3 ವರ್ಷ, ಅಂದರೆ 30ರವರೆಗೆ
- ಎಎಐಯಲ್ಲಿ ಈಗಾಗಲೇ ಕಾಯಂ ನೌಕರರಾಗಿರುವವರು: 10 ವರ್ಷ, ಅಂದರೆ 37ರವರೆಗೆ
- ಮಾಜಿ ಸೈನಿಕರು: ಕೇಂದ್ರ ಸರ್ಕಾರದ ನಿಯಮದಂತೆ

ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಯಲ್ಲಿ ಹುದ್ದೆಗಳಿವೆ, ವಯಸ್ಸಿನ ಸಡಿಲಿಕೆ ಇಲ್ಲ.

ನಮ್ಮ ಕಡೆಯವರು ಎಡವುವುದು ಎರಡನೆಯ ಸಾಲಿನಲ್ಲಿ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ರಾಜ್ಯದಲ್ಲಿ 2ಎ ಅಥವಾ 3ಬಿ ಪ್ರಮಾಣಪತ್ರ ಇದೆ ಎಂದ ಮಾತ್ರಕ್ಕೆ ಕೇಂದ್ರದ ಹುದ್ದೆಗೆ ಹಿಂದುಳಿದ ವರ್ಗದವರೆಂದು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಬೇಕು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿಯೇ ಇರಬೇಕು. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡುವಾಗ ‘ಕೇಂದ್ರ ಸರ್ಕಾರದ ಹುದ್ದೆಗೆ’ ಎಂದು ಸ್ಪಷ್ಟವಾಗಿ ಹೇಳಿ. ಮೂರು ವರ್ಷದ ಸಡಿಲಿಕೆ ಸಿಗುವುದೋ ಇಲ್ಲವೋ ಎಂಬುದು ಈ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಇನ್ನೊಂದು ತೊಡಕು: ನೇಮಕಾತಿ ಪ್ರಕಟಣೆ ಪ್ರತಿ ವರ್ಷ ಬರುವುದಿಲ್ಲ. 2020ರ ಕೊನೆಯಲ್ಲಿ 264 ಹುದ್ದೆ, 2022ರಲ್ಲಿ 400, 2023ರಲ್ಲಿ 496, 2025ರಲ್ಲಿ 309 ಹುದ್ದೆಗಳಿಗೆ ಅರ್ಜಿ ಕರೆದರು. 2023ರ ಪ್ರಕಟಣೆಯ ಕೊನೆಯ ದಿನ ನವೆಂಬರ್ 30. ಅದರ ನಂತರದ್ದಕ್ಕೆ ಕೊನೆಯ ದಿನ 2025ರ ಮೇ 24. ಈಗ 1998ರ ಜನವರಿಯಲ್ಲಿ ಹುಟ್ಟಿದ, ಸಾಮಾನ್ಯ ವರ್ಗದ ಒಬ್ಬರನ್ನು ಊಹಿಸಿಕೊಳ್ಳಿ. 2023ರ ನವೆಂಬರ್‌ನಲ್ಲಿ ಅವರಿಗೆ 25. ‘ಇನ್ನೂ ಎರಡು ವರ್ಷ ಇದೆ, ಮುಂದಿನ ಸಲ ನೋಡೋಣ’ ಎಂದು ಬಿಟ್ಟಿದ್ದರೆ, ಮುಂದಿನ ಸಲ ಬರುವಾಗ ಅವರಿಗೆ 27 ವರ್ಷ 4 ತಿಂಗಳು. ಅಂದರೆ ಅವಕಾಶ ಮುಗಿದಿತ್ತು. 27 ಎಂದರೆ 28 ತುಂಬುವವರೆಗೆ ಎಂದು ಅರ್ಥವಲ್ಲ. 25ರ ಆಸುಪಾಸಿನಲ್ಲಿ ಇರುವವರು ಬಂದ ಪ್ರಕಟಣೆಯನ್ನು ಬಿಡಬಾರದು ಎನ್ನುವುದು ಇದಕ್ಕೇ.

ಈ ಗಡಿ ಮಿದುಳಿನ ಲೆಕ್ಕವೇ?

‘27ರ ನಂತರ ಮಿದುಳಿಗೆ ಈ ಕೆಲಸ ಕಲಿಯಲು ಆಗುವುದಿಲ್ಲ, ಅದಕ್ಕೇ ಈ ನಿಯಮ’ ಎಂಬ ವಿವರಣೆ ಯೂಟ್ಯೂಬಿನಲ್ಲಿ ಆಗಾಗ ಕಾಣುತ್ತದೆ. ಎಎಐಯ ಇತರ ಪ್ರಕಟಣೆಗಳನ್ನು ನೋಡಿದರೆ ಇದು ನಿಲ್ಲುವುದಿಲ್ಲ. ಹಣಕಾಸು, ಕಾನೂನು, ಮಾನವ ಸಂಪನ್ಮೂಲ, ಅಧಿಕೃತ ಭಾಷೆ ಮುಂತಾದ ವಿಭಾಗಗಳ ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗಳಿಗೂ ಇರುವುದು 27 ವರ್ಷದ ಮಿತಿಯೇ. ಲೆಕ್ಕಪತ್ರ ನೋಡುವವರಿಗೂ ಆಕಾಶ ನೋಡುವವರಿಗೂ ಒಂದೇ ಗಡಿ ಇದೆ ಎಂದರೆ ಅದು ಆ ದರ್ಜೆಯ ನೇಮಕಾತಿ ನಿಯಮ. ರಾಡಾರ್ ಪರದೆಯ ಎದುರು ಅಳೆದು ತೆಗೆದ ಸಂಖ್ಯೆ ಅಲ್ಲ.

ಬೇರೆ ದೇಶಗಳ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟ. ಅಮೆರಿಕದಲ್ಲಿ ಅನುಭವವಿಲ್ಲದ ಹೊಸಬರು 31 ತುಂಬುವ ಮೊದಲೇ ಅರ್ಜಿ ಹಾಕಬೇಕು, ಸಾಮಾನ್ಯವಾಗಿ 56ಕ್ಕೆ ನಿವೃತ್ತಿ. 1972ರ ಕಾನೂನೊಂದು ಇದಕ್ಕೆ ಆಧಾರ. ಬ್ರಿಟನ್ನಿನಲ್ಲಿ 18 ತುಂಬಿರಬೇಕು, ಮೇಲಿನ ಮಿತಿ ಇಲ್ಲ. ಭಾರತದಲ್ಲಿ 27ರೊಳಗೆ ಸೇರಿದವರು 60ರವರೆಗೆ ದುಡಿಯುತ್ತಾರೆ. ಮಿದುಳು ಎಲ್ಲ ದೇಶದಲ್ಲೂ ಒಂದೇ, ಗಡಿ ಮಾತ್ರ ಬೇರೆ ಬೇರೆ. ತರಬೇತಿಗೆ ಮಾಡಿದ ಖರ್ಚು ಎಷ್ಟು ವರ್ಷದ ಸೇವೆಯಲ್ಲಿ ಮರಳಿ ಬರುತ್ತದೆ, ಬಡ್ತಿಯ ಸರದಿ ಹೇಗೆ ನಡೆಯುತ್ತದೆ ಎಂಬ ಆಡಳಿತದ ಲೆಕ್ಕಗಳೂ ಇಂಥ ಗಡಿಗಳಲ್ಲಿ ಸೇರಿರುತ್ತವೆ.

ಹಾಗಾದರೆ ವಯಸ್ಸಿಗೂ ಕೆಲಸಕ್ಕೂ ಸಂಬಂಧವೇ ಇಲ್ಲವೇ?

ಇದೆ. ಅದನ್ನು ಎರಡು ಭಾಗವಾಗಿ ಬಿಡಿಸಿ ನೋಡಬೇಕು: ತಡವಾಗಿ ಕಲಿಯಲು ಹೊರಡುವುದು ಒಂದು, ಕಲಿತವರಿಗೆ ವಯಸ್ಸಾಗುವುದು ಇನ್ನೊಂದು.

ಮೊದಲನೆಯದು. ಅಮೆರಿಕದ ವಿಮಾನಯಾನ ಇಲಾಖೆಯ ವೈದ್ಯಕೀಯ ಸಂಶೋಧಕರು 1960ರ ದಶಕದಿಂದಲೂ ತರಬೇತಿಗೆ ಸೇರುವವರ ವಯಸ್ಸು ಮತ್ತು ಫಲಿತಾಂಶವನ್ನು ಹೋಲಿಸುತ್ತ ಬಂದಿದ್ದಾರೆ. ಸೇರುವಾಗಿನ ವಯಸ್ಸು ಹೆಚ್ಚಿದಂತೆ ತರಬೇತಿಯಲ್ಲಿ ಪಾಸಾಗುವವರ ಪ್ರಮಾಣ ಕಡಿಮೆಯಾಗುವುದು ಅವರಿಗೆ ಕಂಡುಬಂತು. ಮನೋವಿಜ್ಞಾನಕ್ಕೆ ತಿಳಿದಿರುವುದಕ್ಕೆ ಇದು ಹೊಂದುತ್ತದೆ. ಹೊಸ ಮಾಹಿತಿಯನ್ನು ವೇಗವಾಗಿ ಸಂಸ್ಕರಿಸುವ ಶಕ್ತಿ, ಹಲವು ಸಂಗತಿಗಳನ್ನು ಏಕಕಾಲಕ್ಕೆ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಯೌವನದಲ್ಲಿ ಹೆಚ್ಚಿದ್ದು ಆಮೇಲೆ ನಿಧಾನವಾಗಿ ಇಳಿಯುತ್ತವೆ. ಆದರೆ ಇದು ಇಳಿಜಾರು, ಪ್ರಪಾತವಲ್ಲ. 27ನೇ ಹುಟ್ಟುಹಬ್ಬದ ಮರುದಿನ ಏನೂ ಮುರಿದು ಬೀಳುವುದಿಲ್ಲ. ಜೊತೆಗೆ ಇವು ಗುಂಪಿನ ಸರಾಸರಿಗಳು. ಚುರುಕಾದ 35ರವರು ನಿಧಾನದ 24ರವರಿಗಿಂತ ಮುಂದಿರಬಹುದು.

ಎರಡನೆಯದು. ಇಲಿನಾಯ್ ವಿಶ್ವವಿದ್ಯಾಲಯದ ಆಶ್ಲೀ ನ್ಯೂನ್ಸ್ ಮತ್ತು ಆರ್ಥರ್ ಕ್ರೇಮರ್ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿವೃತ್ತಿ ವಯಸ್ಸು 65 ಇರುವ ಕೆನಡಾದಿಂದ ಕಿರಿಯ ಮತ್ತು ಹಿರಿಯ ನಿಯಂತ್ರಕರನ್ನು ಆರಿಸಿ, ಈ ವೃತ್ತಿಯಲ್ಲಿಲ್ಲದ ಅದೇ ವಯಸ್ಸಿನವರ ಜೊತೆ ಹೋಲಿಸಿದರು. ಸಾಮಾನ್ಯ ಪರೀಕ್ಷೆಗಳಲ್ಲಿ ಹಿರಿಯ ನಿಯಂತ್ರಕರಲ್ಲೂ ವಯಸ್ಸಿನ ಇಳಿಕೆ ಕಾಣಿಸಿತು. ಆದರೆ ನಿಜವಾದ ಕೆಲಸವನ್ನು ಹೋಲುವ ಕೃತಕ ಸಂಚಾರವನ್ನು ಕೊಟ್ಟಾಗ ಅವರು ಕಿರಿಯ ನಿಯಂತ್ರಕರಿಗೆ ಸರಿಸಾಟಿಯಾಗಿ ನಿಭಾಯಿಸಿದರು. ದಶಕಗಳ ಅನುಭವ ಇಳಿಕೆಯನ್ನು ತುಂಬಿಕೊಟ್ಟಿತ್ತು.

ಇದೇ ಅಧ್ಯಯನವನ್ನು ‘ವಯಸ್ಸು ಬರೀ ಸಂಖ್ಯೆ’ ಎನ್ನುವವರು ತಪ್ಪಾಗಿ ಬಳಸುವುದುಂಟು. ಅದು ಹೇಳಿದ್ದು ಮೂವತ್ತು ವರ್ಷ ಅದೇ ಕೆಲಸ ಮಾಡಿದ 60ರವರ ಬಗ್ಗೆ. 45ಕ್ಕೆ ಹೊಸದಾಗಿ ಶುರುಮಾಡುವವರ ಬಳಿ ಆ ಅನುಭವದ ಗಂಟು ಇರುವುದಿಲ್ಲ. ಆದ್ದರಿಂದ 28 ಅಥವಾ 30ಕ್ಕೆ ಕಲಿಯಲು ವಿಜ್ಞಾನ ಅಡ್ಡಿ ಮಾಡುವುದಿಲ್ಲ. ವಯಸ್ಸು ಏರಿದಂತೆ ಕಲಿಕೆ ಕಷ್ಟವಾಗುತ್ತ ಹೋಗುವುದೂ ನಿಜ.

ಕನ್ನಡಕ, ಕನ್ನಡ ಮಾಧ್ಯಮ, ರಾತ್ರಿ ಪಾಳಿ

ಪರೀಕ್ಷೆಯ ಆಚೆ ಇನ್ನೂ ಮೂರು ಭಯಗಳು ಸಾಮಾನ್ಯ.

ಕನ್ನಡಕ ಇದ್ದರೆ ಆಗುವುದಿಲ್ಲ ಎಂಬುದು ತಪ್ಪು. ಕನ್ನಡಕ ಹಾಕಿದಾಗ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ಸಾಕು. ಬಣ್ಣ ಗುರುತಿಸುವ ಶಕ್ತಿ ಮತ್ತು ಶ್ರವಣ ಶಕ್ತಿಯನ್ನು ಗಂಭೀರವಾಗಿ ಪರೀಕ್ಷಿಸುತ್ತಾರೆ. ಪೈಲಟ್ ಪರವಾನಗಿಯ ಅಗತ್ಯವೂ ಇಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ನಿಯಂತ್ರಕರ ವೈದ್ಯಕೀಯ ಪ್ರಮಾಣಪತ್ರವನ್ನು 40ರವರೆಗೆ ನಾಲ್ಕು ವರ್ಷಕ್ಕೊಮ್ಮೆ, 40 ದಾಟಿದ ಮೇಲೆ ಎರಡು ವರ್ಷಕ್ಕೊಮ್ಮೆ, 50 ದಾಟಿದ ಮೇಲೆ ಪ್ರತಿ ವರ್ಷ ನವೀಕರಿಸಬೇಕು. ವಯಸ್ಸನ್ನು ನಿಜವಾಗಿ ಗಮನಿಸುವ ವ್ಯವಸ್ಥೆ ಇದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಅರ್ಜಿಗೆ ಮೊದಲೇ ವೈದ್ಯರ ಬಳಿ ಮಾತಾಡುವುದು ಒಳ್ಳೆಯದು.

ಇಂಗ್ಲಿಷ್ ವಿಷಯ. ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಜಿ ಹಾಕಬಹುದು. ಪಿಯುಸಿ ಮಟ್ಟದ ಇಂಗ್ಲಿಷ್ ಮಾತು ಮತ್ತು ಬರಹ ಬೇಕು. ಆದರೆ ಇದು ಕಾಗದದ ಮೇಲಿನ ಷರತ್ತು ಮಾತ್ರವಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ 349 ಮಂದಿ ಸತ್ತರು. ಕಜಕ್ ವಿಮಾನ ತನಗೆ ಹೇಳಿದ್ದ 15,000 ಅಡಿಯಿಂದ ಕೆಳಗಿಳಿದಿತ್ತು. ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಅರ್ಥವಾಗದಿದ್ದುದೂ ಕಾರಣಗಳಲ್ಲಿ ಒಂದಾಗಿ ಚರ್ಚೆಯಾಯಿತು. ಇಂಥ ಅಪಘಾತಗಳ ನಂತರ ಪೈಲಟ್ ಮತ್ತು ನಿಯಂತ್ರಕರಿಗೆ ಭಾಷಾ ಮಟ್ಟದ ಅಂತರರಾಷ್ಟ್ರೀಯ ನಿಯಮ ಬಂತು. ಆರು ಮಟ್ಟಗಳಲ್ಲಿ ಕನಿಷ್ಠ ನಾಲ್ಕನೆಯದು ಬೇಕು. ಉಚ್ಚಾರ ಇಂಗ್ಲೆಂಡಿನವರಂತೆ ಇರಬೇಕಿಲ್ಲ, ಕೇಳುವವರಿಗೆ ತಡೆಯಿಲ್ಲದೆ ಅರ್ಥವಾಗಬೇಕು. ರೇಡಿಯೋದಲ್ಲಿ ಒಂಬತ್ತನ್ನು ‘ನೈನರ್’ ಎಂದೂ ಐದನ್ನು ‘ಫೈಫ್’ ಎಂದೂ ಹೇಳುವ ಪದ್ಧತಿ ಇರುವುದು ಸದ್ದಿನ ನಡುವೆ ಒಂದು ಅಂಕಿ ಇನ್ನೊಂದರಂತೆ ಕೇಳಬಾರದೆಂದು. ನೇಮಕಾತಿಯಲ್ಲಿ ಧ್ವನಿ ಪರೀಕ್ಷೆ ಇರುವುದೂ ಇದೇ ಕಾರಣಕ್ಕೆ.

ಮೂರನೆಯದು ಪಾಳಿ. ವಯಸ್ಸಿನ ಜೊತೆ ನಿಜವಾಗಿ ಭಾರವಾಗುವುದು ಇದು. ವಿಮಾನಗಳು ಹಗಲು ರಾತ್ರಿ ಹಾರುತ್ತವೆ, ಕೆಲಸವೂ ಪಾಳಿಯಲ್ಲಿ ನಡೆಯುತ್ತದೆ. ರಾತ್ರಿ ಎಚ್ಚರಿದ್ದು ಹಗಲು ಮಲಗಿ ಚೇತರಿಸಿಕೊಳ್ಳುವುದು 25ರಲ್ಲಿ ಇದ್ದಷ್ಟು ಸುಲಭ 45ರಲ್ಲಿ ಇರುವುದಿಲ್ಲ. ವರ್ಗಾವಣೆ ದೇಶದ ಯಾವ ಮೂಲೆಗೂ ಆಗಬಹುದು. ಹೊಸ ನಿಲ್ದಾಣಕ್ಕೆ ಹೋದಾಗ ಅಲ್ಲಿನ ಆಕಾಶ, ಗುಡ್ಡ, ರನ್‌ವೇ ಕಲಿತು ಆ ಜಾಗದ ಅರ್ಹತೆಯನ್ನು ಮತ್ತೆ ಗಳಿಸಬೇಕು. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ಮಂಗಳೂರಿನ ರನ್‌ವೇಯಲ್ಲಿ ಮಳೆಗಾಲದ ಮೋಡದ ನಡುವೆ ಕೆಲಸ ಮಾಡುವುದು ಒಂದು ಪಾಠವಾದರೆ, ಚಳಿಗಾಲದ ಮಂಜು ಕವಿದ ದೆಹಲಿ ಬೇರೆಯೇ ಪಾಠ. ವಯಸ್ಸಾದ ತಂದೆ-ತಾಯಿ, ಶಾಲೆಗೆ ಹೋಗುವ ಮಕ್ಕಳಿರುವವರು ಪರೀಕ್ಷೆಗಿಂತ ಮೊದಲು ಮನೆಯಲ್ಲಿ ಮಾತಾಡಬೇಕಾದದ್ದು ಇದನ್ನು.

‘ಎಟಿಸಿ ಕೋರ್ಸ್’ ಎಂದರೆ ಏನು ಕಲಿಸುತ್ತಾರೆ?

ಇಲ್ಲಿ ಕಣ್ಣು ತೆರೆದಿರಬೇಕು. ಎಎಐ ಹುದ್ದೆಯ ದಾರಿ ಹೀಗಿದೆ: ಮೊದಲು ಕಂಪ್ಯೂಟರ್ ಪರೀಕ್ಷೆ. 120 ಪ್ರಶ್ನೆ, 120 ಅಂಕ. ಅರ್ಧದಷ್ಟು ಭೌತಶಾಸ್ತ್ರ ಮತ್ತು ಗಣಿತ, ಉಳಿದರ್ಧ ಇಂಗ್ಲಿಷ್, ತರ್ಕ, ಲೆಕ್ಕ, ಸಾಮಾನ್ಯ ಜ್ಞಾನ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಂತರ ದಾಖಲೆ ಪರಿಶೀಲನೆ, ಧ್ವನಿ ಪರೀಕ್ಷೆ, ಮಾದಕ ವಸ್ತು ಸೇವನೆಯ ಪರೀಕ್ಷೆ, ಮನೋವೈಜ್ಞಾನಿಕ ಮತ್ತು ವೈದ್ಯಕೀಯ ಪರೀಕ್ಷೆ. ಆಯ್ಕೆಯಾದ ಮೇಲೆ ಎಎಐಯ ಸ್ವಂತ ಕೇಂದ್ರಗಳಲ್ಲಿ ತರಬೇತಿ. ಪ್ರಯಾಗರಾಜ್‌ನಲ್ಲಿ 1948ರಲ್ಲಿ ಶುರುವಾದ ನಾಗರಿಕ ವಿಮಾನಯಾನ ತರಬೇತಿ ಕಾಲೇಜು ಇವುಗಳಲ್ಲಿ ಹಳೆಯದು. ತರಬೇತಿ ಕಾಲದಲ್ಲಿ ಅಭ್ಯರ್ಥಿ ಕೋರ್ಸ್ ಶುಲ್ಕ ಕಟ್ಟುವುದಿಲ್ಲ. ಬದಲಿಗೆ ನಿಗದಿತ ಅವಧಿ ಸೇವೆ ಮಾಡುವುದಾಗಿ ಬಾಂಡ್ ಬರೆದುಕೊಡಬೇಕು.

ಅಂದರೆ ಹೊರಗೆ ಹಣ ಕಟ್ಟಿ ಪಡೆಯುವ ಯಾವ ಡಿಪ್ಲೊಮಾವೂ ಎಎಐ ನಿಯಂತ್ರಕರಾಗಲು ಅರ್ಹತೆ ಕೊಡುವುದಿಲ್ಲ, ವಯಸ್ಸಿನ ಮಿತಿಯನ್ನೂ ಸರಿಸುವುದಿಲ್ಲ. ಹೊರಗಿನ ಸಂಸ್ಥೆ ಪ್ರಾಮಾಣಿಕವಾಗಿ ಮಾರಬಹುದಾದದ್ದು ಕಂಪ್ಯೂಟರ್ ಪರೀಕ್ಷೆಯ ತಯಾರಿಯನ್ನು ಮಾತ್ರ. ಅಂಥ ತಯಾರಿಯಲ್ಲಿ ತಪ್ಪೇನಿಲ್ಲ. ‘ಮಿತಿ ಇಲ್ಲ, ಕೆಲಸ ಖಾತ್ರಿ’ ಎಂದರೆ ಅದು ಬೇರೆ ಯಾವುದೋ ಗ್ರೌಂಡ್ ಸ್ಟಾಫ್ ಕೋರ್ಸ್ ಆಗಿರಬಹುದು, ಅಥವಾ ಮೋಸ. ಅರ್ಜಿ ಎಎಐಯ ಅಧಿಕೃತ ಜಾಲತಾಣದಲ್ಲಿ ಮಾತ್ರ ನಡೆಯುತ್ತದೆ. ಹಿಂದಿನ ಪ್ರಕಟಣೆಗಳಲ್ಲಿ ಅರ್ಜಿ ಶುಲ್ಕ 1,000 ರೂಪಾಯಿ ಇತ್ತು, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ವಿನಾಯಿತಿ ಇತ್ತು. ಅದರ ಮೇಲೆ ಯಾರಾದರೂ ‘ಸೆಕ್ಯುರಿಟಿ ಡೆಪಾಸಿಟ್’ ಕೇಳಿದರೆ ಕಟ್ಟಬೇಡಿ. ಆನ್‌ಲೈನ್‌ನಲ್ಲಿ ಈಗಾಗಲೇ ಕಟ್ಟಿ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಗಡಿ ದಾಟಿದವರಿಗೆ ಉಳಿದಿರುವ ದಾರಿಗಳು

*ಸೇನೆ:* ವಾಯುಪಡೆಯ ಆಡಳಿತ ಶಾಖೆಯ ಅಧಿಕಾರಿಗಳು ಮತ್ತು ನೌಕಾಪಡೆಯ ಎಟಿಸಿ ಅಧಿಕಾರಿಗಳು ಇದೇ ಕೆಲಸ ಮಾಡುತ್ತಾರೆ. ಆದರೆ ಅಲ್ಲಿನ ವಯಸ್ಸಿನ ಮಿತಿ ಇನ್ನೂ ಬಿಗಿ, ಸುಮಾರು 25-26. ತಡವಾದವರಿಗೆ ಇದು ದಾರಿಯಲ್ಲ.

*ಎಎಐ ಒಳಗಿನಿಂದ:* ಸರಿಯಾದ ಪದವಿ ಇದ್ದು ಬೇರೆ ಹುದ್ದೆಯಲ್ಲಿ ಕಾಯಂ ಆಗಿ ಸೇರಿದವರಿಗೆ 10 ವರ್ಷದ ಸಡಿಲಿಕೆ ಇದೆ. ಸೀನಿಯರ್ ಅಸಿಸ್ಟೆಂಟ್‌ನಂಥ ಕೆಲವು ಹುದ್ದೆಗಳಿಗೆ ಮಿತಿ 30. ದಾರಿ ಉದ್ದ, ಖಾತ್ರಿ ಇಲ್ಲ, ಆದರೆ ನಿಯಮದಲ್ಲಿ ಇರುವ ದಾರಿ.

*ವಿದೇಶ:* ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಹೊಸಬರಿಗೆ 27ರಂಥ ಗಡಿ ಇಲ್ಲ. ಆದರೆ ಅಲ್ಲಿ ನೆಲೆಸಿ ದುಡಿಯುವ ಹಕ್ಕು ಮೊದಲೇ ಇರಬೇಕು. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಪೌರತ್ವ ಅಥವಾ ಕಾಯಂ ವಾಸದ ಅನುಮತಿ ಕೇಳುತ್ತಾರೆ. ಮದುವೆಯಾಗಿಯೋ ಉದ್ಯೋಗಕ್ಕೋ ಹೋಗಿ ಅಲ್ಲಿಯೇ ನೆಲೆಸಿರುವ ನಮ್ಮ ಕುಟುಂಬಗಳವರಿಗೆ ಇದು ನಿಜವಾದ ಅವಕಾಶ. ಇಲ್ಲಿಂದ ಹೊಸದಾಗಿ ವೀಸಾ ಕೊಡಿಸುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ. ಅಮೆರಿಕದಲ್ಲಿ ಅಲ್ಲಿನ ಪೌರರೇ ಆಗಿರಬೇಕು. ಕೊಲ್ಲಿ ದೇಶಗಳು ಸಾಮಾನ್ಯವಾಗಿ ಕೇಳುವುದು ಪರವಾನಗಿ ಮತ್ತು ಅನುಭವ ಇರುವವರನ್ನು.

*ಹತ್ತಿರದ ಕೆಲಸಗಳು:* ಫ್ಲೈಟ್ ಡಿಸ್ಪ್ಯಾಚರ್ ವಿಮಾನಯಾನ ಕಂಪನಿಯಲ್ಲಿ ಕೂತು ಮಾರ್ಗ, ಹವಾಮಾನ, ಇಂಧನದ ಲೆಕ್ಕ ಹಾಕಿ ಹಾರಾಟದ ಯೋಜನೆ ತಯಾರಿಸುತ್ತಾರೆ. ವಿಮಾನಗಳು ನಿಲ್ಲುವ ಜಾಗದ ಓಡಾಟ ನೋಡಿಕೊಳ್ಳುವ ಏಪ್ರನ್ ಕಂಟ್ರೋಲ್ ಕೆಲವು ದೊಡ್ಡ ಖಾಸಗಿ ನಿಲ್ದಾಣಗಳಲ್ಲಿ ಆಯಾ ಕಂಪನಿಯದ್ದೇ ಆಗಿದೆ. ಇಂಥ ಕಡೆ ಅನುಭವಕ್ಕೆ ಬೆಲೆ ಇದೆ. ಡ್ರೋನ್ ಹಾರಿಸುವ ಪ್ರಮಾಣಪತ್ರಕ್ಕಂತೂ 2021ರ ನಿಯಮದ ಪ್ರಕಾರ 18ರಿಂದ 65 ವರ್ಷದವರೆಗೆ ಅವಕಾಶ, ಹತ್ತನೇ ತರಗತಿ ಪಾಸಾಗಿದ್ದರೆ ಸಾಕು.

*ಆಸಕ್ತಿಗಾಗಿ:* ವ್ಯಾಟ್‌ಸಿಮ್ ಎಂಬ ಅಂತರ್ಜಾಲ ಬಳಗದಲ್ಲಿ ಹವ್ಯಾಸಿಗಳು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಾರೆ, ಬೇರೆ ಹವ್ಯಾಸಿಗಳು ನಿಜವಾದ ಪದ್ಧತಿಯಲ್ಲೇ ಅವನ್ನು ನಿಯಂತ್ರಿಸುತ್ತಾರೆ. ವಯಸ್ಸಿನ ಮೇಲಿನ ಮಿತಿ ಇಲ್ಲ. ಇದರಿಂದ ಯಾವ ಅರ್ಹತೆಯೂ ಸಿಗುವುದಿಲ್ಲ. ಆದರೆ ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ಖರ್ಚಿಲ್ಲದೆ ತಿಳಿಯಬಹುದು.

ಅರ್ಜಿಗೆ ಮೊದಲು ಕೇಳಿಕೊಳ್ಳಬೇಕಾದ ಐದು ಪ್ರಶ್ನೆ

1. ಪದವಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇವೆಯೇ? ಇಂಜಿನಿಯರುಗಳು ಅಂಕಪಟ್ಟಿ ತೆಗೆದು ನೋಡಿ.
2. ನನ್ನ ವರ್ಗಕ್ಕೆ ಕೊನೆಯ ವಯಸ್ಸು ಎಷ್ಟು, ಅದು ಯಾವ ತಾರೀಖಿಗೆ ಮುಗಿಯುತ್ತದೆ?
3. ಸಡಿಲಿಕೆ ಕೇಳುವುದಾದರೆ ಕೇಂದ್ರ ನಮೂನೆಯ ಪ್ರಮಾಣಪತ್ರ ಕೈಯಲ್ಲಿದೆಯೇ?
4. ದೃಷ್ಟಿ, ಬಣ್ಣ, ಶ್ರವಣದ ತಪಾಸಣೆ ಒಮ್ಮೆ ಮಾಡಿಸಿದ್ದೇನೆಯೇ?
5. ಪಾಳಿ ಮತ್ತು ವರ್ಗಾವಣೆಗೆ ಮನೆಯವರ ಒಪ್ಪಿಗೆ ಇದೆಯೇ?

ಮೊದಲ ಎರಡಕ್ಕೆ ಉತ್ತರ ‘ಇಲ್ಲ’ ಅಥವಾ ‘ಮುಗಿದಿದೆ’ ಎಂದಾದರೆ ಯಾವ ಕೋರ್ಸೂ ಅದನ್ನು ಸರಿಮಾಡುವುದಿಲ್ಲ. ಪ್ರತಿ ಪ್ರಕಟಣೆಯಲ್ಲೂ ನಿಯಮ ಬದಲಾಗುವ ಸಾಧ್ಯತೆ ಇರುವುದರಿಂದ, ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯನ್ನೇ ಪೂರ್ತಿ ಓದಿ.

ಸಿದ್ದಾಪುರದ ಪರಿಚಿತರು ಆ ಸಂದೇಶಕ್ಕೆ ಹಣ ಕಟ್ಟಲಿಲ್ಲ. ಅವರ ಜಾತಿ ಕೇಂದ್ರದ ಪಟ್ಟಿಯಲ್ಲಿತ್ತು, ಬಳಿಯಿದ್ದ ಪ್ರಮಾಣಪತ್ರ ಮಾತ್ರ ರಾಜ್ಯದ್ದು. ಕೇಂದ್ರ ನಮೂನೆಗೆ ಅರ್ಜಿ ಕೊಟ್ಟು ಬಂದಿದ್ದಾರೆ, ಹಳೆಯ ಭೌತಶಾಸ್ತ್ರದ ಪುಸ್ತಕ ಮತ್ತೆ ತೆರೆದಿದ್ದಾರೆ. ಅವರಿಗೆ 30 ತುಂಬುವ ಮೊದಲು ಪ್ರಕಟಣೆ ಬಂದರೆ ಒಂದು ಅವಕಾಶ ಇದೆ. ಬಾರದಿದ್ದರೆ ಇಲ್ಲ. ಆಗ ಅದಕ್ಕೆ ಕಾರಣ ನೇಮಕಾತಿಯ ದಿನಾಂಕವೇ ಹೊರತು ಅವರ ಮಿದುಳಲ್ಲ.